ಮೈಸೂರು ಬುಧವಾರ ಲೀಗ್: ಲೇನ್‌ಗೆ ಯಾವ ಎಣ್ಣೆ ಪ್ಯಾಟರ್ನ್? ಅನುಭವ ಇರುವವರು ಹೇಳಿ

ಕುವೆಂಪುನಗರ (ಕೇಳಿದವರು): ಬುಧವಾರ ಸಂಜೆಯ ಬೌಲಿಂಗ್ (ಲೇನ್ ಮೇಲೆ ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ) ಲೀಗ್ ಆರಂಭಿಸುತ್ತಿದ್ದೇವೆ. ಬ್ಯಾಂಕಿನವರು, ಕಾಲೇಜು ಹುಡುಗರು, ನಿವೃತ್ತರು ಎಲ್ಲರೂ ಇದ್ದಾರೆ. ಸ್ವಂತ ಚೆಂಡು ಇರುವವರು ನಾಲ್ಕೈದು ಮಂದಿ ಮಾತ್ರ. ಲೇನ್ ಮೇಲೆ ಎಣ್ಣೆ ಬಳಿಯುವ ಪ್ಯಾಟರ್ನ್ ಯಾವುದಿರಲಿ, ನಡುವೆ ಹೆಚ್ಚು ಅಂಚಿಗೆ ಕಡಿಮೆ ಎಣ್ಣೆಯ ಮಾಮೂಲಿ ಹೌಸ್ ಪ್ಯಾಟರ್ನ್ ಬೇಕೋ, ಅಡ್ಡಕ್ಕೆ ಬಹುತೇಕ ಸಮನಾಗಿ 40 ಅಡಿ ಉದ್ದಕ್ಕೆ ಬಳಿಯುವ ಚಪ್ಪಟೆ ಸ್ಪೋರ್ಟ್ ಪ್ಯಾಟರ್ನ್ ಬೇಕೋ ಎಂದು ಲೇನ್ ಮಾಲೀಕರು ಕೇಳುತ್ತಿದ್ದಾರೆ. ಯಾರಿಗೂ ಅನ್ಯಾಯ ಆಗಬಾರದು.

ವಿಜಯನಗರ ಎರಡನೇ ಹಂತ: ಸ್ಪೋರ್ಟ್. ಎರಡನೇ ಮಾತೇ ಇಲ್ಲ. ನಾನು ಬೆಂಗಳೂರಿನಿಂದ ರಿಯಾಕ್ಟಿವ್ ಚೆಂಡು (ಲೇನ್ ಹಿಡಿದು ಜೋರಾಗಿ ತಿರುಗುವಂಥದ್ದು) ತಂದೆ. ಚೆಂಡಿಗೆ 18,500, ತೂತು ಕೊರೆಸಲು 1,500, ಬೆರಳಿನ ರಬ್ಬರಿಗೆ 600, ಬೂಟಿಗೆ 5,200. ಹೆಬ್ಬೆರಳಿನ ತೂತು ಬಿಗಿಯಾಗಿ ಚರ್ಮ ಸುಲಿಯಿತು. ಮತ್ತೆ ಹೋಗಿ ಮುಚ್ಚಿಸಿ ಕೊರೆಸಲು ಇನ್ನೂ 1,200. ಇಷ್ಟೆಲ್ಲ ಸುರಿದು ಕಲಿತು ಹೌಸ್ ಪ್ಯಾಟರ್ನ್ ಮೇಲೆ ಆಡಿದರೆ ಏನಾಗುತ್ತದೆ? ಲೇನಿನ ನಡುವಿನ ಹಲಗೆಗಳಲ್ಲಿ ಅಂಚಿಗಿಂತ ಹತ್ತು ಪಟ್ಟು ಎಣ್ಣೆ. ಚೆಂಡು ಹೊರಗೆ ಹೋದರೆ ಒಣ ಹಲಗೆ ಒಳಕ್ಕೆ ತಿರುಗಿಸುತ್ತದೆ, ಒಳಗೆ ಬಿದ್ದರೆ ಎಣ್ಣೆ ತಿರುಗಲು ಬಿಡುವುದಿಲ್ಲ. ಗುರಿ ತಪ್ಪಿದವನಿಗೂ ಸ್ಟ್ರೈಕ್, ಒಂದೇ ಎಸೆತಕ್ಕೆ ಹತ್ತೂ ಪಿನ್! ಚಪ್ಪಟೆ ಎಣ್ಣೆಯಲ್ಲಿ ಈ ಕೃಪೆ ಇಲ್ಲ. ಎಣ್ಣೆಯ ಉದ್ದದಿಂದ 31 ಕಳೆಯುವುದು ಆಟಗಾರರ ರೂಢಿಯ ಲೆಕ್ಕ: 40ರಲ್ಲಿ 31 ಕಳೆಯಿರಿ, ಅಂಚಿನಿಂದ ಒಂಬತ್ತನೇ ಹಲಗೆಯ ಹತ್ತಿರ ಚೆಂಡು ತಿರುವಿಗೆ ಬರಬೇಕು. ಬರದಿದ್ದರೆ ಶಿಕ್ಷೆ. ನ್ಯಾಯ ಎಂದರೆ ಅದು.

ಸರಸ್ವತಿಪುರಂ ನಿವೃತ್ತ ಶಿಕ್ಷಕಿ: ಇದೇ ಮಾತು ಕೇಳಿ ನಮ್ಮ ಹಿಂದಿನ ಲೀಗ್ ಮುಳುಗಿತು. ಶುಲ್ಕ 4,800, ಪ್ರತಿ ವಾರ ಬೂಟಿನ ಬಾಡಿಗೆ ಬೇರೆ. ನಾನು ಹತ್ತು ಪೌಂಡಿನ ಪ್ಲಾಸ್ಟಿಕ್ ಚೆಂಡಿನವಳು, ಒಂದು ಆಟಕ್ಕೆ ಸರಾಸರಿ 125 ಅಂಕ. ನಾಲ್ಕು ಜನ ಪ್ರವೀಣರು ಸೇರಿ ಸ್ಪೋರ್ಟ್ ಹಾಕಿಸಿದರು. ನನ್ನ ಸರಾಸರಿ ನೂರಕ್ಕಿಂತ ಕೆಳಗೆ ಇಳಿಯಿತು. ನನ್ನ ತಂಡದ ಇಬ್ಬರು ಹೆಣ್ಣುಮಕ್ಕಳು ದಸರಾ ರಜೆಗೆ ಹೋದವರು ಮರಳಲೇ ಇಲ್ಲ. ತಂಡ ಒಡೆಯಿತು, ಶುಲ್ಕದಲ್ಲಿ ಒಂದು ರೂಪಾಯಿಯೂ ವಾಪಸ್ ಬರಲಿಲ್ಲ. ಪ್ರವೀಣರು ಪ್ರವೀಣರನ್ನೇ ಸೋಲಿಸಿಕೊಂಡು ಇರಬೇಕಾಯಿತು.

ವಿಜಯನಗರ ಎರಡನೇ ಹಂತ: ಮೇಡಂ, ನೇರವಾಗಿ ಎಸೆಯುವ ಪ್ಲಾಸ್ಟಿಕ್ ಚೆಂಡಿಗೆ ಪ್ಯಾಟರ್ನ್ ಹೆಚ್ಚು ತಟ್ಟುವುದೇ ಇಲ್ಲ. ಸರಾಸರಿ ಇಳಿದದ್ದಕ್ಕೆ ಎಣ್ಣೆಯನ್ನು ದೂರಬೇಡಿ. ಕಡಿಮೆ ಸರಾಸರಿಯವರಿಗೆ ಕೊಡುವ ಹೆಚ್ಚುವರಿ ಅಂಕ, ಹ್ಯಾಂಡಿಕ್ಯಾಪ್, ಇತ್ತಲ್ಲ?

ಸರಸ್ವತಿಪುರಂ ನಿವೃತ್ತ ಶಿಕ್ಷಕಿ: ನನ್ನ ಚೆಂಡು ನೇರ ಎಂದು ತಮಗೆ ಹೇಳಿದವರು ಯಾರು? ಕೊನೆಯಲ್ಲಿ ಒಂದು ಗೇಣು ಎಡಕ್ಕೆ ವಾಲುತ್ತದೆ, ಅದರಿಂದಲೇ ಪಾಕೆಟ್, ಅಂದರೆ ಒಂದನೇ ಮೂರನೇ ಪಿನ್ನಿನ ನಡುವಿನ ಜಾಗ, ಸಿಗುತ್ತಿತ್ತು. ಚಪ್ಪಟೆ ಎಣ್ಣೆಯಲ್ಲಿ ವಾಲದೆ ಸರಿದು ಬಲಕ್ಕಿರುವ ಆರನೇ ಪಿನ್ನಿನ ಕಡೆ ಹೋಯಿತು. ಹ್ಯಾಂಡಿಕ್ಯಾಪ್ ಲೆಕ್ಕವನ್ನೂ ಮಾಡೋಣ. 220ರಿಂದ ಸರಾಸರಿ ಕಳೆದು ಅದರ ಶೇಕಡ 90. ಅರ್ಧ ಬಿಟ್ಟು ನನಗೆ 85, 190 ಸರಾಸರಿಯವರಿಗೆ 27. ಕೂಡಿಸಿದರೆ ನನಗೆ 210, ಅವರಿಗೆ 217. ಎಲ್ಲ ಕೊಟ್ಟ ಮೇಲೂ ಏಳು ಪಿನ್ ಅವರದೇ ಮೇಲುಗೈ. ಅದರ ಮೇಲೆ ಎಣ್ಣೆಯೂ ಅವರಿಗೆ ಬೇಕೆ?

ಮಂಡ್ಯ ಎಡಗೈ: ಬಲಗೈಯವರ ಜಗಳದಲ್ಲಿ ನಮ್ಮನ್ನು ಕೇಳುವವರೇ ಇಲ್ಲ. ಎಡಭಾಗದ ಎಣ್ಣೆ ಕೊನೆಯವರೆಗೂ ತಾಜಾ, ನಿನಗೆ ಪುಕ್ಕಟೆ ಲಾಭ ಎಂದು ಪ್ರತಿ ಲೀಗಿನಲ್ಲೂ ಚುಚ್ಚುತ್ತಾರೆ. ಉದ್ದನೆಯ ಚಪ್ಪಟೆ ಪ್ಯಾಟರ್ನ್ ಹಾಕಿದ ದಿನ ಬಂದು ನೋಡಿ. ನೀವು ಎಂಟು ಜನ ಒಂದೇ ಜಾಡಿನಲ್ಲಿ ಉರುಳಿಸಿ, ಎಣ್ಣೆ ಸವೆಸಿ, ಅರ್ಧ ಗಂಟೆಯಲ್ಲಿ ಚೆಂಡು ತಿರುಗುವ ದಾರಿ ಮಾಡಿಕೊಳ್ಳುತ್ತೀರಿ. ನನ್ನ ಬದಿಯಲ್ಲಿ ನಾನೊಬ್ಬನೇ. ಇದಕ್ಕಾಗಿ ಮಂಡ್ಯದಿಂದ ಹದಿನೈದು ಪೌಂಡ್, ಅಂದರೆ ಹತ್ತಿರಹತ್ತಿರ ಏಳು ಕಿಲೋ, ಹೆಗಲಿಗೆ ಹಾಕಿಕೊಂಡು ಮೆಮು ರೈಲಿನಲ್ಲಿ ನಿಂತು ಬರುತ್ತೇನೆ. ಹಿಂದೆ ಎಂಟೂವರೆಗೆ ಮುಗಿಯುತ್ತದೆ ಎಂದಿದ್ದ ಲೀಗ್ ಹತ್ತಕ್ಕೆ ಮುಗಿದು, ರೈಲು ತಪ್ಪಿ, ಬಸ್ ನಿಲ್ದಾಣಕ್ಕೆ ಆಟೊದವರಿಗೆ 250 ಕೊಟ್ಟಿದ್ದೇನೆ.

ವಿಜಯನಗರ ಎರಡನೇ ಹಂತ: ರೈಲಿನ ವಿಷಯ ಇಲ್ಲಿ ಯಾಕೆ?

ಮಂಡ್ಯ ಎಡಗೈ: ನಿಮ್ಮ ಹೆಬ್ಬೆರಳಿನ ತೂತು ಬಂದದ್ದಕ್ಕೇ ಬಂತು.

ಹೆಬ್ಬಾಳ, ಹಿಂದೆ ಲೇನ್ ಕೆಲಸದಲ್ಲಿದ್ದವನು: ಎಣ್ಣೆ ಯಂತ್ರ ಓಡಿಸಿದವನು ನಾನು. ನೀವು ಕಾಗದದಲ್ಲಿ ಆರಿಸಿದ ಪ್ಯಾಟರ್ನ್ ಲೇನ್ ಮೇಲೆ ಇರುತ್ತದೆ ಎಂದು ಯಾರು ಹೇಳಿದರು? ಬೆಳಗ್ಗೆ ಎಣ್ಣೆ ಹಾಕಿ, ಮಧ್ಯಾಹ್ನ ಹುಟ್ಟುಹಬ್ಬದ ಮಕ್ಕಳು ಚೆಂಡನ್ನು ಎತ್ತಿ ಕುಕ್ಕಿ, ಸಂಜೆ ಅದೇ ಲೇನ್ ಲೀಗಿಗೆ ಕೊಟ್ಟರೆ ಅದು ಯಾವ ಪ್ಯಾಟರ್ನೂ ಅಲ್ಲ. ರಿಯಾಕ್ಟಿವ್ ಚೆಂಡು ಎಣ್ಣೆ ಹೀರುತ್ತದೆ, ಪ್ಲಾಸ್ಟಿಕ್ ಚೆಂಡು ಹೀರದೆ ಮುಂದಕ್ಕೆ ಒಯ್ದು ಒಣ ಇರಬೇಕಾದ ಕೊನೆಯ ಇಪ್ಪತ್ತು ಅಡಿಯಲ್ಲಿ ಬಳಿಯುತ್ತದೆ. ಲೀಗಿಗೆ ಮೊದಲು ಲೇನ್ ಒರೆಸಿ ಹೊಸದಾಗಿ ಎಣ್ಣೆ ಹಾಕಿ ಎಂದು ನಾನು ಹೇಳಿದ್ದಕ್ಕೆ, ಎಣ್ಣೆಯ ಕ್ಯಾನ್ ನಿನ್ನ ಸಂಬಳದಲ್ಲಿ ತರಿಸಲೇ ಎಂದು ಕೇಳಿದರು. ಕೆಲಸ ಬಿಟ್ಟೆ. ಕುವೆಂಪುನಗರದವರೇ, ಹೌಸ್ ಹಾಕಿಸಿ, ಆದರೆ ಆಟಕ್ಕೆ ಒಂದು ಗಂಟೆ ಮುಂಚೆ ಹಾಕಿಸಿ, ಹಾಕುವಾಗ ಒಬ್ಬರು ಪಕ್ಕದಲ್ಲಿ ನಿಂತಿರಿ. ಅದನ್ನು ಒಪ್ಪಂದದಲ್ಲಿ ಬರೆಸಿ.

ವಿಜಯನಗರ ಎರಡನೇ ಹಂತ: ತಾಜಾ ಎಣ್ಣೆ ಸರಿ. ಹೌಸ್ ಒಪ್ಪುವುದಿಲ್ಲ.

ಸರಸ್ವತಿಪುರಂ ನಿವೃತ್ತ ಶಿಕ್ಷಕಿ: ಪಕ್ಕದಲ್ಲಿ ನಿಲ್ಲಲು ನಾನು ಬರುತ್ತೇನೆ. ಬುಧವಾರ ಎಷ್ಟು ಗಂಟೆಗೆ?

ಮಂಡ್ಯ ಎಡಗೈ: ಮುಗಿಯುವುದು ಎಷ್ಟು ಗಂಟೆಗೆ ಎಂಬುದನ್ನೂ ಅದೇ ಒಪ್ಪಂದದಲ್ಲಿ ಬರೆಸಿ.