ಜರ್ನಿಗೆ ಟಿಕೆಟ್ ಎಲ್ಲಿ?

ಸೀನ ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ ಇಟ್ಟಿದ್ದ. ಯಾವುದೋ ಸೀರಿಯಲ್ ಹುಡುಗಿಯ ಸಂದರ್ಶನ. ಬಣ್ಣ ಹಚ್ಚಿ ಮೂರು ತಿಂಗಳಾಗಿದೆಯಂತೆ. ಹಣೆ ಮೇಲೆ ಬಿದ್ದ ಕೂದಲನ್ನು ಹಿಂದಕ್ಕೆ ತಳ್ಳಿ, "ಆಕ್ಚುಲಿ, ನನ್ನ ಜರ್ನಿ ಬಗ್ಗೆ ಹೇಳಬೇಕು ಅಂದರೆ..." ಎಂದಳು.

"ನಿಲ್ಸೋ ಅದನ್ನ" ಎಂದರು ಪದ್ದಕ್ಕ.

ಸೀನ ನಿಲ್ಲಿಸಿದ. ಹುಡುಗಿ ಬಾಯಿ ತೆರೆದುಕೊಂಡೇ ಉಳಿದಳು.

"ಮೂರು ತಿಂಗಳಿಗೆ ಎಂಥ ಜರ್ನಿ? ಎಲ್ಲಿಂದ ಎಲ್ಲಿಗೆ? ಕ್ಯಾರವಾನಿಂದ ಸೆಟ್ಟಿಗೆ ನಲವತ್ತು ಹೆಜ್ಜೆ. ಅದಕ್ಕೂ ಕೊಡೆ ಹಿಡಿಯೋಕೆ ಒಬ್ಬ."

"ಈಗ ಎಲ್ಲರೂ ಹಾಗೇ ಹೇಳೋದು ಪದ್ದಕ್ಕ. ನಾನೂ ಡಯಟ್ ಜರ್ನಿಯಲ್ಲಿದ್ದೀನಿ."

"ಗೊತ್ತು. ಬೆಳಗ್ಗೆ ಹೊರಡ್ತೀಯ, ಸಂಜೆ ಬೋಂಡಾ ಅಂಗಡಿ ಹತ್ರ ಇಳೀತೀಯ. ನಿನ್ನ ತಲೆಕೂದಲು ಬೇಕಾದರೆ ಜರ್ನಿ ಅನ್ನಲಿ. ಹೋಗಿದ್ದು ಹೋಗೇ ಬಿಡ್ತು."

ರಾಜಿ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡರು. ಅಂದರೆ ಇನ್ನು ಇಸವಿಗಳು ಬರುತ್ತವೆ ಎಂದರ್ಥ.

"ಜರ್ನಿ ಅಂದರೆ 1934ರದ್ದು. 'ಸತಿ ಸುಲೋಚನ', ಕನ್ನಡದ ಮೊದಲ ಮಾತಿನ ಚಿತ್ರ. ಸುಲೋಚನೆ ತ್ರಿಪುರಾಂಬ, ಮಂಡೋದರಿ ಲಕ್ಷ್ಮೀಬಾಯಿ. ಶೂಟಿಂಗ್ ಆಗಿದ್ದು ಕೊಲ್ಹಾಪುರದಲ್ಲಿ."

"ನೋಡು. ಇಂದ್ರಜಿತುವಿನ ಹೆಂಡತಿ ಲಂಕೆ ಸೇರೋಕೆ ಕೊಲ್ಹಾಪುರಕ್ಕೆ ರೈಲು ಹತ್ತಬೇಕಾಯ್ತು. ಅವಳು ಜರ್ನಿ ಅಂದರೆ ನಾನು ಕೈ ಕಟ್ಟಿ ಕೂತು ಕೇಳ್ತೀನಿ."

"ಆ ಸಿನಿಮಾ ಯೂಟ್ಯೂಬಲ್ಲಿ ಇದೆಯಾ?" ಎಂದ ಸೀನ.

"ಎಲ್ಲೂ ಇಲ್ಲ ಕಣಯ್ಯ. ಒಂದು ಪ್ರಿಂಟೂ ಉಳಿದಿಲ್ಲ."

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಮೇಷ್ಟ್ರಿಗೆ ಮಾತ್ರ ಇಸವಿ ಮುಗಿದಿರಲಿಲ್ಲ. "ಆಮೇಲೆ ಎಂ.ವಿ. ರಾಜಮ್ಮ. ನಾಟಕದಿಂದ ಬಂದವರು. 1936ರಲ್ಲಿ 'ಸಂಸಾರ ನೌಕೆ'..."

"ಸರಿ ಹೋಯ್ತು, ಇವರು ದೋಣೀಲೇ ಹೋದರು."

"ತಮಾಷೆ ಅಲ್ಲ ಪದ್ದಮ್ಮ. 1943ರಲ್ಲಿ 'ರಾಧಾರಮಣ' ತೆಗೆದು ನಿರ್ಮಾಪಕಿನೂ ಆದರು."

"ಆಗಲಿ, ಸಂತೋಷ. ನಾನು ಹೇಳ್ತಿರೋದು ಬೇರೆ. ಚಿಕ್ಕವಳಿದ್ದಾಗ ನಮ್ಮೂರಲ್ಲಿ ಕಂಪನಿ ನಾಟಕದವರು ಕ್ಯಾಂಪ್ ಹಾಕಿದ್ದರು. ಲಾರಿ ಮೇಲೆ ಪರದೆ ಸುರುಳಿ, ಅದರ ಮೇಲೆ ಟ್ರಂಕು, ಟ್ರಂಕಿನ ಮೇಲೆ ಹಾರ್ಮೋನಿಯಂ, ಎಲ್ಲದರ ಮೇಲೆ ಮಗು ಎತ್ತಿಕೊಂಡು ದ್ರೌಪದಿ. ರಾತ್ರಿ ಆಕೆ ಕೂದಲು ಬಿಚ್ಚಿಕೊಂಡು ಕೂಗಿದ್ದು ಟೆಂಟಿನ ಹೊರಗಿದ್ದ ಕಡಲೆಕಾಯಿಯವನಿಗೂ ಕೇಳಿಸಿತ್ತು. ಬೆಳಗ್ಗೆ ನೀರಿಗೆ ಅಂತ ನಮ್ಮನೆ ಬಾವಿ ಹತ್ರ ಬಂದಳು. ದುಶ್ಶಾಸನನ ರಕ್ತ ಬೇಕು ಅಂದ ಅದೇ ಬಾಯಲ್ಲಿ, 'ಅಮ್ಮಾ, ಬಟ್ಟೆಸೋಪು ಒಂದು ಚೂರು ಇದ್ಯಾ?' ಅಂತ ಕೇಳಿದಳು. ಗಂಟಲು ಪೂರ್ತಿ ಕಟ್ಟಿಹೋಗಿತ್ತು. ನಮ್ಮಮ್ಮ ಸೋಪಿನ ಜೊತೆ ಮೆಣಸಿನ ಕಷಾಯನೂ ಕೊಟ್ಟರು. ಸಂಜೆಗೆ ಮತ್ತೆ ಸೀರೆ ಎಳೆಸಿಕೊಳ್ಳಬೇಕಿತ್ತಲ್ಲ."

"ಸಿನಿಮಾದಲ್ಲಿ ಪರವಾಗಿಲ್ವೇನೋ ಅಲ್ವಾ?" ಎಂದಳು ರಾಜಿ.

"ಎಲ್ಲಿ ಪರವಾಗಿಲ್ಲ? ಪಂಡರೀಬಾಯಿಯವರನ್ನೇ ತಗೋ. 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್‌ಗೆ ಹೆಂಡತಿ. ಆಮೇಲೆ ಅವರಿಗೇ ತಾಯಿ."

"1954" ಎಂದರು ಮೇಷ್ಟ್ರು.

"ಆಯ್ತು ಮೇಷ್ಟ್ರೇ. ಈ ಜರ್ನಿಯಲ್ಲಿ ಗಾಡಿ ಹೊರಡೋದು ಹೆಂಗಸರಿಗೆ ಮಾತ್ರ ನೋಡು. ನಾಯಕಿ, ಅತ್ತಿಗೆ, ಅಮ್ಮ, ಅಜ್ಜಿ, ಒಂದೊಂದೇ ಸ್ಟೇಷನ್ ದಾಟಿ ಹೋಗ್ತಾರೆ. ಹೀರೋ ಹತ್ತಿದ ಪ್ಲಾಟ್‌ಫಾರ್ಮಲ್ಲೇ ನಿಂತು ಟಾಟಾ ಮಾಡ್ತಿರ್ತಾನೆ."

"ಟಿವಿ ಬಂದ ಮೇಲೆ ಸುಲಭ ಆಯ್ತಲ್ಲ" ಎಂದ ಸೀನ. ಸೋಲೊಪ್ಪುವ ಜಾತಿಯಲ್ಲ.

"ಸುಲಭ! 'ಮಾಲ್ಗುಡಿ ಡೇಸ್' ನೆನಪಿದೆಯಾ? ಶಂಕರ್‌ನಾಗ್ ಎಲ್ಲರನ್ನೂ ಆಗುಂಬೆಗೆ ಕರ್ಕೊಂಡು ಹೋದರು. ಊರು ನಮ್ಮದು, ಮಳೆ ನಮ್ಮದು, ಜನ ನಮ್ಮವರು, ಮಾತು ಮಾತ್ರ ಹಿಂದಿ. ನಮ್ಮ ಬೀದಿಗೆ ಇದ್ದಿದ್ದೇ ಒಂದು ಟಿವಿ. ಅರ್ಥ ಆಗದೆ ಇದ್ದರೂ ಎಲ್ಲರೂ ಅಲ್ಲೇ. ಸ್ವಾಮಿಯ ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಮುಖವನ್ನ ಮೂರು ಸಲ ಹತ್ತಿರ ತರೋದಿಲ್ಲ, ಗುಡುಗು ಮಿಂಚು ಇಲ್ಲ. ಸುಮ್ನೆ ಅಮ್ಮನ ಥರ ಇದ್ದರು. ನಂಗೆ ಇವತ್ತಿಗೂ ಆ ಮುಖ ಕಣ್ಣಿಗೆ ಕಟ್ಟಿದೆ."

"ನಾಟಕ, ಸಿನಿಮಾ, ಟಿವಿ, ಮೂರೂ ಮಾಡಿದರು" ಎಂದರು ಮೇಷ್ಟ್ರು. "'ತಾಯಿ ಸಾಹೇಬ'ಕ್ಕೆ ವಸ್ತ್ರವಿನ್ಯಾಸ ಮಾಡಿ ರಾಷ್ಟ್ರಪ್ರಶಸ್ತಿ ತಗೊಂಡರು."

"'ಮೂಡಲಮನೆ' ಸೀರಿಯಲ್ ಡೈರೆಕ್ಟ್ ಮಾಡಿದ್ದೂ ಅವರೇ ಅಲ್ವಾ?" ಎಂದಳು ರಾಜಿ. "ಅದು ಬರೋ ಹೊತ್ತಿಗೆ ನಮ್ಮಮ್ಮ ಯಾರಿಗೂ ಅನ್ನ ಬಡಿಸ್ತಿರಲಿಲ್ಲ."

"ಹೂಂ. 2010ರಲ್ಲಿ ಹೋಗಿಬಿಟ್ಟರು."

ಮೇಷ್ಟ್ರು ಈ ಸಲ ಇಸವಿಯನ್ನು ಮೆಲ್ಲಗೆ ಹೇಳಿದರು. ಪದ್ದಕ್ಕ ಲೋಟದ ತಳದಲ್ಲಿ ಉಳಿದಿದ್ದ ಕಾಫಿಯನ್ನು ಸುಮ್ಮನೆ ತಿರುಗಿಸುತ್ತಾ ಕೂತರು.

ಸೀನನಿಗೆ ಇಂಥ ಹೊತ್ತಲ್ಲಿ ಏನು ಮಾಡಬೇಕೋ ತಿಳಿಯುವುದಿಲ್ಲ. ಮೊಬೈಲ್ ಒತ್ತಿದ. ಅರ್ಧ ಗಂಟೆಯಿಂದ ಬಾಯಿ ತೆರೆದುಕೊಂಡಿದ್ದ ಹುಡುಗಿ ಮಾತು ಮುಂದುವರಿಸಿದಳು.

"...ಶಿವಮೊಗ್ಗದಿಂದ ರಾತ್ರಿ ಬಸ್ಸಲ್ಲಿ ಆಡಿಷನ್‌ಗೆ ಬರ್ತಿದ್ದೆ. ರೂಮ್ ಮಾಡೋಕೆ ದುಡ್ಡಿರಲಿಲ್ಲ. ಬಸ್‌ಸ್ಟ್ಯಾಂಡ್ ಟಾಯ್ಲೆಟ್ಟಲ್ಲೇ ಸೀರೆ ಉಟ್ಕೊಂಡು ಹೋಗ್ತಿದ್ದೆ. ಆಗಲ್ಲ ಅಂದ ಮೇಲೆ ಮತ್ತೆ ರಾತ್ರಿ ಬಸ್ಸಿಗೆ ವಾಪಸ್. ಹೀಗೇ ಎರಡು ವರ್ಷ..."

ಸೀನ ಪದ್ದಕ್ಕನ ಮುಖ ನೋಡಿದ. ಮೇಷ್ಟ್ರೂ ನೋಡಿದರು.

ಪದ್ದಕ್ಕ ಲೋಟ ಕೆಳಗಿಟ್ಟರು. "ಸೌಂಡ್ ಜಾಸ್ತಿ ಮಾಡೋ" ಎಂದರು. ಸ್ವಲ್ಪ ಹೊತ್ತು ಕೇಳಿದ ಮೇಲೆ, "ಪಾಪ, ಸೀಟಾದರೂ ಸಿಕ್ತಿತ್ತಂತಾ?"