ಸ್ಲೀಪ್ 10 ಮತ್ತು ಇತರ ಪ್ರಾರ್ಥನೆಗಳು

ಗಿರಿ: ಲಿನಕ್ಸಲ್ಲಿ ಲಾಗಿನ್ ಆದ್ರೆ ನನ್ನ ಸ್ಟೇಟಸ್ ಬಾರ್, ಅದೇ ಗಡಿಯಾರ, ಬ್ಯಾಟರಿ ತೋರಿಸೋ ಪಟ್ಟಿ, ಒಂದಿನ ಬರುತ್ತೆ, ಒಂದಿನ ಇಲ್ಲ. ಅದನ್ನ ಶುರು ಮಾಡೋ ಸ್ಕ್ರಿಪ್ಟಲ್ಲಿ ಸ್ಲೀಪ್ 5, ಅಂದ್ರೆ 5 ಸೆಕೆಂಡ್ ಕಾಯಿ ಅಂತ ಇತ್ತು, ಈಗ 10 ಮಾಡಿದೀನಿ.

ಪದ್ಮ: 600 ಮಾಡು. ಲಾಗಿನ್ ಆಗಿ, ಸ್ನಾನ ಮುಗಿಸಿ ಬಾ.

ಸೀನ: ಅದನ್ನ ಸಿಸ್ಟಂಡಿಗೆ ಒಪ್ಪಿಸೋ. ಲಿನಕ್ಸಲ್ಲಿ ಬೇರೆ ಪ್ರೋಗ್ರಾಂಗಳನ್ನ ಎಬ್ಬಿಸಿ ನೋಡಿಕೊಳ್ಳೋದೇ ಅದರ ಕೆಲಸ.

ಗಿರಿ: ಅದಕ್ಕೆ ಸುಡೋ, ಅಂದ್ರೆ ಅಡ್ಮಿನ್ ಅಧಿಕಾರ ಬೇಕಲ್ಲ?

ಸೀನ: ಬೇಡ ಮಾರಾಯ. ನೀನು ಲಾಗಿನ್ ಆದಾಗ ನಿನ್ನ ಹೆಸರಲ್ಲೇ ಇನ್ನೊಂದು ಸಿಸ್ಟಂಡಿ ಏಳುತ್ತೆ. ಸಿಸ್ಟಂಸಿಟಿಎಲ್ ಅನ್ನೋ ಕಮಾಂಡಿಗೆ ಹೈಫನ್ ಹೈಫನ್ ಯೂಸರ್ ಹಾಕಿದ್ರೆ ಅದರ ಜೊತೆ ಮಾತು. ನಿನ್ನ ಕೊನೇ ಸೆಷನ್ ಮುಗಿದ್ಮೇಲೆ ಅದೂ ಮಲಗುತ್ತೆ.

ಪದ್ಮ: ಲಿಂಗರ್ ಅನ್ನೋ ಸೆಟ್ಟಿಂಗ್ ಆನ್ ಮಾಡಿದ್ರೆ ಮಲಗಲ್ಲ.

ಸೀನ: ಅವನ ಬಾರಿಗೆ ಅದೆಲ್ಲ ಯಾಕೆ? ಡಾಟ್ ಕಾನ್ಫಿಗ್ ಒಳಗೆ ಸಿಸ್ಟಂಡಿ, ಅದರೊಳಗೆ ಯೂಸರ್ ಫೋಲ್ಡರ್. ಅಲ್ಲಿ ಬಾರ್ ಡಾಟ್ ಸರ್ವಿಸ್ ಬರಿ. ಯಾವಾಗ ಏಳಬೇಕು, ಯಾರ ಜೊತೆ ಮಲಗಬೇಕು, ಯಾರು ಎಬ್ಬಿಸಬೇಕು ಅಂತ ಹೇಳೋ ಸಾಲುಗಳು ಆಫ್ಟರ್, ಪಾರ್ಟ್‌ಆಫ್, ವಾಂಟೆಡ್‌ಬೈ. ಮೂರಕ್ಕೂ ಗ್ರಾಫಿಕಲ್-ಸೆಷನ್ ಡಾಟ್ ಟಾರ್ಗೆಟ್. ಟಾರ್ಗೆಟ್ ಅಂದ್ರೆ ಒಟ್ಟಿಗೆ ಏಳೋರ ಗುಂಪಿನ ಹೆಸರು, ಇದು ಡೆಸ್ಕ್‌ಟಾಪ್ ಗುಂಪು. ಆಮೇಲೆ ಎನೇಬಲ್ ಮಾಡು.

ಗಿರಿ: ಆಯ್ತು. ಟಾರ್ಗೆಟ್ ಸ್ಟಾರ್ಟ್ ಮಾಡ್ತೀನಿ... ಏ, ಆಗಲ್ಲ ಅಂತಿದೆ!

ಪದ್ಮ: ಅದು ಮುನಿಸಿಕೊಂಡ ನೆಂಟ. ನೇರ ಕರೆದ್ರೆ ಬರಲ್ಲ, ಇನ್ನೊಬ್ಬರು ಕೈಹಿಡಿದು ಕರೆತರಬೇಕು.

ಸೀನ: ಕಿಟಕಿಗಳನ್ನ ಜೋಡಿಸೋ ನಿನ್ನ ವಿಂಡೋ ಮ್ಯಾನೇಜರ್ ಹೆಸರಲ್ಲೊಂದು ಟಾರ್ಗೆಟ್ ಮಾಡಿ, ಅದರಲ್ಲಿ ಬೈಂಡ್ಸ್‌ಟು ಅನ್ನೋ ಸಾಲಿಗೆ ಗ್ರಾಫಿಕಲ್-ಸೆಷನ್ ಹೆಸರು ಹಾಕಿ ಎರಡನ್ನೂ ಕಟ್ಟು. ವಿಂಡೋ ಮ್ಯಾನೇಜರ್ ಎದ್ದ ಕೂಡಲೇ ಆ ಟಾರ್ಗೆಟ್ ಸ್ಟಾರ್ಟ್ ಮಾಡಲಿ.

ಗಿರಿ: ಗ್ನೋಮ್ ಅನ್ನೋ ರೆಡಿಮೇಡ್ ಡೆಸ್ಕ್‌ಟಾಪ್‌ನವರಿಗೆ ಈ ಕರ್ಮ ಇಲ್ವಾ?

ಸೀನ: 2019ರ ಗ್ನೋಮ್ 3.34 ಆವೃತ್ತಿಯಲ್ಲೇ ಅವರು ಸೆಷನ್ನನ್ನ ಸಿಸ್ಟಂಡಿ ಕೈಗೆ ಕೊಟ್ರು. ಸ್ವಂತ ಡೆಸ್ಕ್‌ಟಾಪ್ ಕಟ್ಟೋ ಹುಚ್ಚು ನಿನಗೆ ತಾನೇ?

ಗಿರಿ: ಮಾಡಿದೆ. ಬಾರ್ ಈಗಲೂ ಸತ್ತಿದೆ.

ಪದ್ಮ: ಸಿಸ್ಟಂಡಿ ಬರೆದಿಡೋ ಜರ್ನಲ್ ಏನನ್ನುತ್ತೆ?

ಗಿರಿ: ಡಿಸ್‌ಪ್ಲೇನೇ ಸಿಗಲಿಲ್ವಂತೆ. ಕಣ್ಣೆದುರಿಗೇ ಇದೆ!

ಸೀನ: ನಿನ್ನ ಕಣ್ಣೆದುರಿಗೆ. ನಿನ್ನ ಹೆಸರಿನ ಸಿಸ್ಟಂಡಿ ಎದ್ದಾಗ ಪರದೆಗೆ ಚಿತ್ರ ತರೋ ವೇಲ್ಯಾಂಡ್ ಇನ್ನೂ ಹುಟ್ಟೇ ಇರಲಿಲ್ಲ, ಅದರ ವಿಳಾಸ ಹೇಳೋ ವೇಲ್ಯಾಂಡ್ ಅಂಡರ್‌ಸ್ಕೋರ್ ಡಿಸ್‌ಪ್ಲೇ ಅನ್ನೋ ವೇರಿಯಬಲ್ ಸಿಸ್ಟಂಡಿಗೆ ಹೇಗೆ ಗೊತ್ತಾಗಬೇಕು? ಟಾರ್ಗೆಟ್ ಸ್ಟಾರ್ಟ್ ಮಾಡೋ ಮುಂಚೆ ಸಿಸ್ಟಂಸಿಟಿಎಲ್‌ನ ಇಂಪೋರ್ಟ್-ಎನ್ವಿರಾನ್ಮೆಂಟ್ ಹೊಡೆದು ತಿಳಿಸು. ತುಂಬಾ ಜನ ಎಡವೋದು ಇಲ್ಲೇ.

ಗಿರಿ: ಬಂತು, ಬಂತು! ಸತ್ರೆ ತಾನೇ ಎಬ್ಬಿಸಲಿ ಅಂತ ರೀಸ್ಟಾರ್ಟ್ ಈಕ್ವಲ್ಸ್ ಆನ್-ಫೇಲ್ಯೂರ್ ಕೂಡ ಹಾಕಿದೆ. ನೋಡಿ, ಕಿಲ್ ಮೈನಸ್ 9 ಹೊಡೆದು ಬಾರನ್ನ ಕೊಂದೆ... ಎದ್ದ! ಇನ್ನೊಂದ್ಸಲ... ಎದ್ದ! ಇನ್ನೂ ಮೂರು ಸಲ... ಎದ್ದ, ಎದ್ದ, ಎದ್ದ!

ಪದ್ಮ: ಪಾಪ ಬಿಡೋ ಅದನ್ನ.

ಗಿರಿ: ಇನ್ನೊಂದೇ... ಅಯ್ಯೋ, ಈಗ ಏಳ್ತಾನೇ ಇಲ್ವಲ್ಲೋ?

ಸೀನ: 10 ಸೆಕೆಂಡಲ್ಲಿ 5 ಸಲ ಎಬ್ಬಿಸುತ್ತೆ, ಆಮೇಲೆ ಕೈಬಿಡುತ್ತೆ. ಡೀಫಾಲ್ಟೇ ಹಾಗೆ. ರೀಸೆಟ್-ಫೇಲ್ಡ್ ಹೊಡೆದು ಆ ಲೆಕ್ಕ ಅಳಿಸಿ ಮತ್ತೆ ಸ್ಟಾರ್ಟ್ ಮಾಡು.

ಪದ್ಮ: ಮೊದಲು ಅವನ ಕೈಯಿಂದ ಕೀಬೋರ್ಡ್ ಕಿತ್ಕೋ.