ದರ್ಶಿನಿಯ ಇಡ್ಲಿ ತಟ್ಟೆಯಲ್ಲಿ ಪ್ಲಾಸ್ಟಿಕ್: ದಯವಿಟ್ಟು ಎಲ್ಲರೂ ಓದಿ

3ನೇ ಕ್ರಾಸ್, ಮನೆ 27
ಎಲ್ಲರಿಗೂ ನಮಸ್ಕಾರ. ನಿನ್ನೆ ಬೆಳಿಗ್ಗೆ ಆರೂವರೆಗೆ ಸರ್ಕಲ್ ಹತ್ತಿರದ ದರ್ಶಿನಿಗೆ ಇಡ್ಲಿ ಪಾರ್ಸೆಲ್ ತರಲು ಹೋಗಿದ್ದೆ. ಅಡುಗೆಮನೆ ಬಾಗಿಲು ತೆರೆದಿತ್ತು. ಹುಡುಗ ಹಬೆಯಿಂದ ತಟ್ಟೆ ಹೊರಗೆ ತೆಗೆದ. ಬಟ್ಟೆ ಇರಬೇಕಾದ ಕಡೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ! ಬಿಸಿಗೆ ಮುದುರಿ ಇಡ್ಲಿಗೆ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಬಿಡಿಸಿ, ಅದೇ ಹಾಳೆಯ ಮೇಲೆ ಮತ್ತೆ ಹಿಟ್ಟು ಹೊಯ್ದ. ನನ್ನ ಮಕ್ಕಳು ವಾರಕ್ಕೆ ಮೂರು ದಿನ ತಿನ್ನುವ ಇಡ್ಲಿ ಇದು. ಪಾರ್ಸೆಲ್ ಬೇಡ ಅಂತ ಬಂದುಬಿಟ್ಟೆ. ಏನು ಮಾಡೋಣ ಹೇಳಿ.

1ನೇ ಕ್ರಾಸ್, ಮನೆ 4
ಮೇಡಂ, 2025ರ ಫೆಬ್ರವರಿಯಲ್ಲೇ ರಾಜ್ಯದ ಆರೋಗ್ಯ ಸಚಿವರು ಇದಕ್ಕೆ ನಿಷೇಧ ಅಂತ ಹೇಳಿದ್ದರಲ್ವಾ? ಆಗ ತಪಾಸಣೆಯಲ್ಲಿ ಐವತ್ತಕ್ಕೂ ಜಾಸ್ತಿ ಕಡೆ ಇಡ್ಲಿಗೆ ಪ್ಲಾಸ್ಟಿಕ್ ಹಾಕುತ್ತಿದ್ದದ್ದು ಸಿಕ್ಕಿತ್ತು. ನಮ್ಮ ಮನೆಯಲ್ಲಿ ಮೊನ್ನೆಯಿಂದ ಇಬ್ಬರಿಗೆ ಭೇದಿ. ತಿಂಡಿ ಅಲ್ಲಿಂದಲೇ ತಂದಿದ್ದು. ವಿಡಿಯೊ ಹಾಕಿ ಮುಚ್ಚಿಸಿಬಿಡೋಣ.

5ನೇ ಕ್ರಾಸ್, ಮನೆ 61
ಸರ್, ಮೊದಲು ಇಬ್ಬರನ್ನೂ ಡಾಕ್ಟರಿಗೆ ತೋರಿಸಿ, ಓಆರ್‌ಎಸ್ ಕುಡಿಸುತ್ತಾ ಇರಿ. ನಾನು ನರ್ಸ್ ಆಗಿದ್ದವಳು, ಅದಕ್ಕೇ ಹೇಳುತ್ತಿದ್ದೇನೆ. ಪ್ಲಾಸ್ಟಿಕ್ಕಿನ ತೊಂದರೆ ಬೇರೆ. ಬಿಸಿ ತಾಗಿದರೆ ಅದರ ರಾಸಾಯನಿಕ ಊಟಕ್ಕೆ ಇಳಿಯಬಹುದು, ದಿನಾ ತಿಂದರೆ ಒಳ್ಳೆಯದಲ್ಲ. ಭೇದಿ ಸಾಮಾನ್ಯವಾಗಿ ನೀರಿನಿಂದ, ಕೈಯಿಂದ, ಕೆಟ್ಟ ಚಟ್ನಿಯಿಂದ ಬರುತ್ತದೆ. ನಿಮ್ಮ ಮನೆಯ ಸಂಪಿನಿಂದಲೂ ಬಂದಿರಬಹುದು. ಎರಡನ್ನೂ ಸೇರಿಸಿ ಬರೆದರೆ ದೂರು ನಿಲ್ಲುವುದಿಲ್ಲ.

2ನೇ ಕ್ರಾಸ್, ಮನೆ 19
ಮೂವತ್ತು ವರ್ಷ ಮದುವೆ ಅಡುಗೆ ಕಾಂಟ್ರಾಕ್ಟ್ ಮಾಡಿದವನು ನಾನು. ಇಡ್ಲಿ ಬಟ್ಟೆಯನ್ನು ಪ್ರತಿ ಸಲ ಒದ್ದೆ ಮಾಡಿ, ಹಿಂಡಿ ಹಾಸಬೇಕು. ಕೆಲಸ ಮುಗಿದ ಮೇಲೆ ಕುದಿಸಿ ಬಿಸಿಲಿಗೆ ಹಾಕಬೇಕು. ಇಲ್ಲದಿದ್ದರೆ ಮಾರನೇ ದಿನ ಹುಳಿ ವಾಸನೆ. ಇಬ್ಬರೇ ಹುಡುಗರು ನೂರಾರು ಇಡ್ಲಿ ಇಳಿಸುವ ಕಡೆ ಅಷ್ಟು ಪುರುಸೊತ್ತು ಇರುವುದಿಲ್ಲ. ಪ್ಲಾಸ್ಟಿಕ್ ಆದರೆ ಎಳೆದರೆ ಬಂತು. ತಪ್ಪು ತಪ್ಪೇ. ಆದರೆ ಸುಮ್ನೆ ಮುಚ್ಚಿಸಿದರೆ ನಾಲ್ಕು ದಿನಕ್ಕೆ ಮತ್ತೆ ಬಾಗಿಲು ತೆಗೆಯುತ್ತಾರೆ. ಅಡುಗೆಮನೆ ಹಾಗೇ ಇರುತ್ತದೆ.

ತಪಾಸಣೆಗೆ ಬಂದವರು ಒಳಗೆ ಏನು ನೋಡಬೇಕು ಅಂತ ದೂರಿನಲ್ಲೇ ಬರೆಯೋಣ. ಚಟ್ನಿ ರುಬ್ಬಿ ಎಷ್ಟು ಹೊತ್ತಾಯಿತು? ನಿನ್ನೆ ಉಳಿದ ಸಾಂಬಾರನ್ನು ಇವತ್ತಿನದಕ್ಕೆ ಸುರಿಯುತ್ತಾರಾ? ಬಿಸಿ ಇಡುವುದು 60 ಡಿಗ್ರಿಗಿಂತ ಮೇಲೆ, ತಣ್ಣಗೆ ಇಡುವುದು 5 ಡಿಗ್ರಿಗಿಂತ ಕೆಳಗೆ ಇರಬೇಕು. ನಡುವೆ ಬಿಟ್ಟರೆ ಕ್ರಿಮಿಗೆ ಹಬ್ಬ. ಕೈ ತೊಳೆಯಲು ಬೇರೆ ಬೇಸಿನ್, ಸೋಪು ಇದೆಯಾ? ಕೆಲಸದವರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಆಗಲೇಬೇಕು, ಟೈಫಾಯ್ಡ್ ಲಸಿಕೆಯೂ ಹಾಕಿಸಿರಬೇಕು. ಆ ಸರ್ಟಿಫಿಕೇಟ್ ತೋರಿಸಲಿ.

ಇನ್ನೊಂದು ಮಾತು. ಜ್ವರ ಬಂದ ಹುಡುಗನನ್ನು ನಾನು ಆ ದಿನದ ಕೂಲಿ ಕೊಟ್ಟೇ ಮನೆಗೆ ಕಳಿಸುತ್ತಿದ್ದೆ. ಕೂಲಿ ಹೋಗುತ್ತದೆ ಅಂದರೆ ಯಾವ ಹುಡುಗನೂ ಜ್ವರ ಅಂತ ಬಾಯಿ ಬಿಡುವುದಿಲ್ಲ. ಹಾಗೇ ಹಿಟ್ಟು ಕಲಸುತ್ತಾನೆ.

4ನೇ ಕ್ರಾಸ್, ಮನೆ 38
ಅಂಕಲ್ ಹೇಳಿದ್ದು ಸರಿ. ಯಾರ ಹತ್ತಿರವಾದರೂ ಅಲ್ಲಿನ ಬಿಲ್ ಇದೆಯಾ? 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರ ಅಂಗಡಿಗೆ ಕೊಡುವ ಲೈಸೆನ್ಸ್ ಸಂಖ್ಯೆ, ಇದೆಯಾ ನೋಡಿ. 2022ರ ಜನವರಿಯಿಂದ ಬಿಲ್ ಮೇಲೆ ಅದು ಕಡ್ಡಾಯ. ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಫೋಟೊ ಸಮೇತ ದೂರು ಹಾಕಬಹುದು. 2006ರ ಆಹಾರ ಸುರಕ್ಷತಾ ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸುಧಾರಣಾ ನೋಟಿಸ್ ಕೊಡಬಹುದು. ಸರಿ ಮಾಡಿಕೊಳ್ಳಲು ಕನಿಷ್ಠ 14 ದಿನ ಇರುತ್ತದೆ. ಆಗಲೂ ಮಾಡದಿದ್ದರೆ ಲೈಸೆನ್ಸ್ ಅಮಾನತು. ನಮಗೆ ಬೇಕಾಗಿರುವುದು ಅದೇ ನೋಟಿಸ್. 40ನೇ ಸೆಕ್ಷನ್‌ನಲ್ಲಿ ಗ್ರಾಹಕರೇ ಶುಲ್ಕ ಕಟ್ಟಿ ಆಹಾರ ಪರೀಕ್ಷೆ ಮಾಡಿಸಬಹುದು. ಆದರೆ ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕು. ತಂದಿಟ್ಟ ಪಾರ್ಸೆಲ್ ಲೆಕ್ಕಕ್ಕೆ ಬರುವುದಿಲ್ಲ.

1ನೇ ಕ್ರಾಸ್, ಮನೆ 4
ಆಯ್ತು, ವಿಡಿಯೊ ಹಾಕಲ್ಲ. ಮೊನ್ನೆಯ ಬಿಲ್ ಇದೆ. ಅದರ ಮೇಲೆ ಆ ಸಂಖ್ಯೆಯೇ ಇಲ್ಲ. ಹೊಟ್ಟೆ ಈಗ ಪರವಾಗಿಲ್ಲ ಸಿಸ್ಟರ್, ಥ್ಯಾಂಕ್ಸ್.

4ನೇ ಕ್ರಾಸ್, ಮನೆ 38
ಅದನ್ನೂ ದೂರಿಗೆ ಸೇರಿಸೋಣ. ಬಿಲ್ ಫೋಟೊ ಕಳಿಸಿ.

3ನೇ ಕ್ರಾಸ್, ಮನೆ 27
ಸಂಜೆ 19ನೇ ಮನೆ ಅಂಕಲ್ ಜೊತೆ ಮಾಲೀಕರನ್ನು ನೋಡಿ ಬಂದೆ. ಮೊದಲು ಸಿಟ್ಟಾದರು. ಅಂಕಲ್ ಬಟ್ಟೆ ವಿಷಯ ಎತ್ತಿದ ಮೇಲೆ ಒಳಗೆ ಬಿಟ್ಟರು. ಬೇಸಿನ್ ಇದೆ, ನಲ್ಲಿಯಲ್ಲಿ ನೀರಿಲ್ಲ. ಹುಡುಗರು ಬಕೆಟ್‌ಗೆ ಕೈ ಅದ್ದಿ ಏಪ್ರನ್‌ಗೆ ಒರೆಸಿಕೊಳ್ಳುತ್ತಿದ್ದರು. ನಾಳೆಯಿಂದ ಬಟ್ಟೆ ಹಾಸುತ್ತೇವೆ ಅಂದಿದ್ದಾರೆ. ಒಳ್ಳೆಯದು. ಆದರೂ ದೂರು ಹಾಕಿದ್ದೇನೆ, ನಲ್ಲಿ ಮತ್ತು ಸರ್ಟಿಫಿಕೇಟ್ ವಿಷಯ ಸೇರಿಸಿ. ಸೋಮವಾರ ಒಂದು ಪ್ರತಿಯನ್ನು ಆಹಾರ ಸುರಕ್ಷತೆ ನೋಡಿಕೊಳ್ಳುವ ಅಂಕಿತಾಧಿಕಾರಿಗಳ ಕಚೇರಿಗೂ ಕೊಡಬೇಕು. ಸಹಿ ಹಾಕುವವರು ಭಾನುವಾರ ಸಂಜೆ ಪಾರ್ಕ್ ಗೇಟ್ ಹತ್ತಿರ ಬನ್ನಿ.

2ನೇ ಕ್ರಾಸ್, ಮನೆ 19
ಬರುತ್ತೇನಮ್ಮ. ನಮ್ಮ ಪ್ಲಂಬರ್ ನಂಬರನ್ನು ಮಾಲೀಕರಿಗೆ ಕೊಟ್ಟಿದ್ದೇನೆ. ಬೆಳಿಗ್ಗೆ ಹೋಗಿ ನೀರು ಬರುತ್ತಿದೆಯಾ ನೋಡಿ ಇಲ್ಲೇ ಹೇಳುತ್ತೇನೆ.